ಹೊಲಿದ ಮೇಲೂ ಮೈಗೆ ಬಾರದ ಬಟ್ಟೆಗಳು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣ ಒಬ್ಬ ಮಹಿಳೆಯ ಬಟ್ಟೆ ಕಪಾಟಿಗೆ ಸಂಬಂಧಿಸಿದ್ದು. ಅವರ ಹೆಸರು, ಊರು ಇಲ್ಲಿ ಬೇಕಿಲ್ಲ. ವಯಸ್ಸು ನಲವತ್ತರ ಆಸುಪಾಸು. ಕಚೇರಿಯಲ್ಲಿ ಕೆಲಸ, ಮನೆಯಲ್ಲಿ ಪತಿ ಮತ್ತು ಶಾಲೆಗೆ ಹೋಗುವ ಮಗಳು. ಉಡುಪಿನ ಉದ್ಯಮದಿಂದ ನೆಲಕ್ಕೆ, ನೀರಿಗೆ, ದುಡಿಯುವವರಿಗೆ ಆಗುತ್ತಿರುವ ಹಾನಿಯ ಬಗ್ಗೆ ಓದಿ ಮನಸ್ಸು ಕದಡಿ, ಇನ್ನೊಂದು ವರ್ಷ ಸಿದ್ಧ ಉಡುಪು ಕೊಳ್ಳುವುದಿಲ್ಲ, ಬೇಕಾದದ್ದನ್ನು ನಾನೇ ಹೊಲಿದುಕೊಳ್ಳುತ್ತೇನೆ ಎಂದು ಅವರು ನಿರ್ಧರಿಸಿದರು. ಯಂತ್ರ ಬಂತು. ಆರಂಭದ ಪಾಠಗಳಾದವು. ರಜೆಯ ದಿನಗಳೆಲ್ಲ ಹೊಲಿಗೆಗೆ ಮೀಸಲಾದವು.

ವರ್ಷ ಮುಗಿಯುವ ಮೊದಲೇ ಅವರು ನನ್ನಲ್ಲಿಗೆ ಬಂದರು. "ಅಂಗಡಿಯಿಂದ ಒಂದೇ ಒಂದು ಉಡುಪು ತಂದಿಲ್ಲ ಮೇಡಂ. ಆದರೂ ಕಪಾಟು ಮೊದಲಿಗಿಂತ ಹೆಚ್ಚು ತುಂಬಿದೆ. ಮೈಮೇಲೆ ಮಾತ್ರ ಅದೇ ಹಳೆಯ ನಾಲ್ಕು ಬಟ್ಟೆ. ಹಾಗಾದರೆ ನಾನು ಉಳಿಸಿದ್ದಾದರೂ ಏನು?"

ನಾನು ಹೊಲಿಗೆ ಕಲಿಸುವವಳು. ಒಳ್ಳೆಯ ಉದ್ದೇಶದಿಂದ ಯಂತ್ರದ ಮುಂದೆ ಕುಳಿತ ಅನೇಕರು ಇದೇ ಜಾಗಕ್ಕೆ ಬಂದು ನಿಲ್ಲುವುದನ್ನು ನೋಡಿದ್ದೇನೆ. ಆದರೆ ಇಷ್ಟು ನೇರವಾಗಿ ಕೇಳುವವರು ಕಡಿಮೆ. ಅದಕ್ಕಾಗಿಯೇ ಈ ಪ್ರಕರಣವನ್ನು ವಿವರವಾಗಿ ಬರೆದಿಡಬೇಕು ಎನ್ನಿಸಿತು.

ಅವರ ನಿರ್ಧಾರದ ಹಿಂದಿನ ಕಾರಣಗಳು

ಅವರನ್ನು ಕಾಡಿದ ಸಂಗತಿಗಳಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಒಂದು ಹತ್ತಿಯ ಟಿ ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕು ಎಂಬ ಅಂದಾಜು ಬಹಳ ಪ್ರಚಾರದಲ್ಲಿದೆ. ಬೆಳೆಯುವ ನೆಲ, ಮಳೆ, ನೀರಾವರಿಯ ಪದ್ಧತಿಗೆ ತಕ್ಕಂತೆ ಈ ಅಂಕಿ ಹೆಚ್ಚುಕಡಿಮೆ ಆಗುತ್ತದೆ, ನಿಜ. ಆದರೆ ಹತ್ತಿಯ ದಾಹ ಎಂಥದ್ದು ಎಂಬುದಕ್ಕೆ ಮಧ್ಯ ಏಷ್ಯಾದ ಅರಾಲ್ ಸಮುದ್ರವೇ ಸಾಕ್ಷಿ. 1960ರ ದಶಕದಿಂದ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಮುಖ್ಯವಾಗಿ ಹತ್ತಿಯ ಹೊಲಗಳಿಗೆ ತಿರುಗಿಸಿದ ಮೇಲೆ ಆ ವಿಶಾಲ ಜಲರಾಶಿಯ ಬಹುಭಾಗ ಉಪ್ಪಿನ ಮರುಭೂಮಿಯಾಯಿತು. ಪಾಲಿಯೆಸ್ಟರ್ ಹುಟ್ಟುವುದು ಪೆಟ್ರೋಲಿಯಂನಿಂದ. ಸಾಗರ ಸೇರುವ ಪ್ರಾಥಮಿಕ ಸೂಕ್ಷ್ಮ ಪ್ಲಾಸ್ಟಿಕ್ಕಿನಲ್ಲಿ, ಅಂದರೆ ಸಣ್ಣ ಕಣಗಳಾಗಿಯೇ ಪರಿಸರಕ್ಕೆ ಬರುವ ಪ್ಲಾಸ್ಟಿಕ್ಕಿನಲ್ಲಿ, ಸುಮಾರು 35 ಶೇಕಡಾ ಕೃತಕ ನೂಲಿನ ಬಟ್ಟೆಗಳನ್ನು ಒಗೆಯುವುದರಿಂದಲೇ ಬರುತ್ತದೆ ಎಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2017ರಲ್ಲಿ ಅಂದಾಜಿಸಿತ್ತು. ಇನ್ನು 2013ರ ಏಪ್ರಿಲ್ 24ರಂದು ಢಾಕಾದ ಹೊರವಲಯದಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುತೇಕರು ಹೊರದೇಶಗಳ ಅಂಗಡಿಗಳಿಗೆ ಉಡುಪು ಹೊಲಿಯುತ್ತಿದ್ದ ಕಾರ್ಮಿಕರು.

ಇದನ್ನೆಲ್ಲ ಓದಿದವರಿಗೆ ತಾನೇ ಹೊಲಿದುಕೊಳ್ಳುವುದು ನ್ಯಾಯವಾದ ದಾರಿಯಾಗಿ ಕಾಣುವುದು ಸಹಜ. ಆದರೆ ಈ ಲೆಕ್ಕವನ್ನು ಬಿಡಿಸಿ ನೋಡಿದರೆ ಒಂದು ಮಾತು ತಿಳಿಯುತ್ತದೆ. ನೀರು ಖರ್ಚಾಗುವುದು ಹೊಲದಲ್ಲಿ, ಬಣ್ಣದ ತೊಟ್ಟಿಯಲ್ಲಿ. ಇಂಧನ ಉರಿಯುವುದು ನೂಲುವ, ನೇಯುವ, ಬಣ್ಣ ಹಾಕುವ ಕಾರ್ಖಾನೆಗಳಲ್ಲಿ. ಥಾನಿನಿಂದ ಕತ್ತರಿಸಿ ಕೊಟ್ಟ ಬಟ್ಟೆ ನಮ್ಮ ಕೈ ಸೇರುವ ಹೊತ್ತಿಗೆ ಹಾನಿಯ ದೊಡ್ಡ ಪಾಲು ಆಗಿಹೋಗಿರುತ್ತದೆ. ಮನೆಯಲ್ಲಿ ಹೊಲಿದಾಗ ಬದಲಾಗುವುದು ಕೊನೆಯ ಹಂತ ಮಾತ್ರ. ಹಾಗಾಗಿ ಹೊಲಿಗೆಯಿಂದ ನಿಜವಾದ ಉಳಿತಾಯ ಆಗಬೇಕಾದರೆ ಆ ಬಟ್ಟೆ ಮೈಮೇಲೆ ವರ್ಷಗಟ್ಟಲೆ ಬಾಳಬೇಕು. ಬೇರೆ ದಾರಿಯಿಲ್ಲ.

ಕಪಾಟಿನಲ್ಲಿ ಕಂಡದ್ದು

ಮೊದಲು ಕಪಾಟನ್ನು ಪೂರ್ತಿ ಖಾಲಿ ಮಾಡಿಸಿದೆ. ಬಣ್ಣ, ವಿನ್ಯಾಸ, ಕೊಂಡದ್ದು, ಹೊಲಿದದ್ದು ಎಂಬ ಭೇದ ಬೇಡ, ಕಳೆದ ಮೂರು ತಿಂಗಳಲ್ಲಿ ತೊಟ್ಟದ್ದು ಒಂದು ಕಡೆ, ತೊಡದೇ ಇದ್ದದ್ದು ಇನ್ನೊಂದು ಕಡೆ ಇಡಿ ಎಂದೆ. ಎರಡನೆಯ ರಾಶಿ ಮಂಚ ತುಂಬಿತು. ಅವರು ಹೊಲಿದ ಹೆಚ್ಚಿನ ಉಡುಪುಗಳು ಅದರಲ್ಲೇ ಇದ್ದವು. ಜೊತೆಗೆ ಒಂದು ಪೆಟ್ಟಿಗೆಯ ತುಂಬ ಇನ್ನೂ ಕತ್ತರಿ ಮುಟ್ಟದ ಬಟ್ಟೆ. ತಿಂಗಳಿಗೊಮ್ಮೆಯಾದರೂ ಹೊಸ ತುಂಡು ತರುತ್ತಿದ್ದರಂತೆ. ಉಡುಪು ಕೊಳ್ಳುವುದನ್ನು ಬಿಟ್ಟ ಮೇಲೆ ಕೊಳ್ಳುವ ಸುಖ ಬಟ್ಟೆಯ ಅಂಗಡಿಗೆ ಸ್ಥಳ ಬದಲಿಸಿತ್ತು ಅಷ್ಟೇ. ಇದನ್ನು ಅವರೇ ಮೊದಲು ಗುರುತಿಸಿ ಹೇಳಿದರು. ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಹೆಚ್ಚಿತು.

ತೊಡದ ಪ್ರತಿಯೊಂದು ಉಡುಪನ್ನೂ ಹಾಕಿಕೊಂಡು, ಯಾಕೆ ತೊಡುವುದಿಲ್ಲ ಎಂದು ಒಂದೇ ವಾಕ್ಯದಲ್ಲಿ ಹೇಳಬೇಕೆಂದು ಕೇಳಿದೆ. "ಚೆನ್ನಾಗಿಲ್ಲ" ಎಂಬ ಉತ್ತರ ನಡೆಯದು, ಯಾವ ಜಾಗದಲ್ಲಿ ಏನು ತೊಂದರೆ ಎಂದು ಬೆರಳಿಟ್ಟು ತೋರಿಸಬೇಕು. ಹೀಗೆ ಮಾಡಿದಾಗ ಹತ್ತಾರು ಅಸಮಾಧಾನಗಳು ನಾಲ್ಕು ಕಾರಣಗಳಿಗೆ ಇಳಿದವು.

ಒಂದು ಪ್ಯಾಂಟಿನ ಎಡಗಾಲು ನಡೆಯುವಾಗ ಮುಂದಕ್ಕೆ ತಿರುಚಿಕೊಳ್ಳುತ್ತಿತ್ತು. ಬಟ್ಟೆ ಉಳಿಸಬೇಕೆಂಬ ಆಸೆಯಿಂದ ಅವರು ಆ ಕಾಲಿನ ಮಾದರಿ ಕಾಗದವನ್ನು ಸ್ವಲ್ಪ ಓರೆಯಾಗಿಟ್ಟು ಕತ್ತರಿಸಿದ್ದರು. ನೇಯ್ಗೆಯಲ್ಲಿ ಹಾಸಿನ ಎಳೆ ಉದ್ದಕ್ಕೂ ಹೊಕ್ಕಿನ ಎಳೆ ಅಡ್ಡಕ್ಕೂ ಹೋಗುತ್ತವೆ. ಹಾಸಿನ ಎಳೆ ಕಾಲಿನ ನಡುಗೆರೆಗೆ ನೇರವಾಗಿರಬೇಕು. ಸ್ವಲ್ಪ ಓರೆಯಾದರೂ ಒಂದೆರಡು ಒಗೆತದಲ್ಲಿ ಬಟ್ಟೆ ತನ್ನ ಎಳೆಯ ದಿಕ್ಕಿಗೆ ತಿರುಗುತ್ತದೆ, ಹೊಲಿಗೆ ಅದರ ಹಿಂದೆ ಹೋಗುತ್ತದೆ. ಅಂಗೈ ಅಗಲದ ಬಟ್ಟೆ ಉಳಿಸಲು ಹೋಗಿ ಎರಡು ಮೀಟರ್ ಬಟ್ಟೆ ಮೂಲೆ ಸೇರಿತು.

ಒಂದು ಹತ್ತಿಯ ಅಂಗಿ ಮೊದಲ ಒಗೆತಕ್ಕೇ ಗಿಡ್ಡವಾಗಿತ್ತು. ಕತ್ತರಿಸುವ ಮೊದಲು ಬಟ್ಟೆಯನ್ನು ನೆನೆಸಿ ಒಣಗಿಸಿರಲಿಲ್ಲ. ಕಾರ್ಖಾನೆಯಲ್ಲಿ ಮುಂಚಿತವಾಗಿ ಕುಗ್ಗಿಸದ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಶೇಕಡಾ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. ಎಪ್ಪತ್ತು ಸೆಂಟಿಮೀಟರ್ ಉದ್ದದ ಅಂಗಿಗೆ ಇದು ಎರಡು ಮೂರು ಸೆಂಟಿಮೀಟರಿನ ಮಾತು. ಆದರೆ ಕುಗ್ಗಿದ್ದು ತೋಳಿನಲ್ಲೂ ಭುಜದಲ್ಲೂ ಒಟ್ಟಿಗೇ ಆದ್ದರಿಂದ ಮೈಗೆ ಬಿಗಿಯಾಯಿತು.

ಒಂದು ಗೌನಿನ ತೊಂದರೆ ಬಟ್ಟೆಯ ಆಯ್ಕೆಯದು. ಮುದ್ರಣ ಚೆಂದವಿದೆ ಎಂದು ತಂದ ದಪ್ಪ ಬಟ್ಟೆ, ನೆರಿಗೆ ಬೀಳಬೇಕಾದ ವಿನ್ಯಾಸಕ್ಕೆ ಹೊಂದದೆ ಡಬ್ಬಿಯ ಹಾಗೆ ನಿಂತಿತ್ತು. ಬಟ್ಟೆ ಕೊಳ್ಳುವಾಗ ಒಂದು ಮೂಲೆ ಹಿಡಿದು ತೂಗಬಿಟ್ಟು, ಅದು ಹೇಗೆ ಬೀಳುತ್ತದೆ ಎಂದು ನೋಡುವ ಅಭ್ಯಾಸ ಮಾಡಿಕೊಂಡರೆ ಇಂಥದ್ದು ತಪ್ಪುತ್ತದೆ.

ಉಳಿದ ಅಂಗಿಗಳೆಲ್ಲ, ಅವೇ ಹೆಚ್ಚು, ಒಂದೇ ಕಾರಣಕ್ಕೆ ಮೂಲೆಗೆ ಬಿದ್ದಿದ್ದವು. ಅದೇ ಈ ಪ್ರಕರಣದ ಮುಖ್ಯ ಭಾಗ.

ಕಂಕುಳಿನ ಸಮಸ್ಯೆ

"ಹಾಕಿಕೊಂಡು ನಿಂತರೆ ಚೆನ್ನಾಗಿದೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದರೆ ಇಡೀ ಅಂಗಿ ಮೇಲಕ್ಕೆ ಬರುತ್ತದೆ" ಎಂದರು. ಅಂಗಿ ತೊಡಿಸಿ ಕೈ ಎತ್ತಿಸಿ ನೋಡಿದೆ. ಕೈ ಭುಜದ ಮಟ್ಟ ದಾಟುವ ಮೊದಲೇ ಪಕ್ಕದ ಹೊಲಿಗೆ ಬಿಗಿದು, ಸೊಂಟದ ಅಂಚು ಮೇಲಕ್ಕೇರಿ, ಬೆನ್ನಿನಲ್ಲಿ ಅಡ್ಡ ಸುಕ್ಕು ಮೂಡಿತು. ಅವರು ಇದನ್ನು ಬಿಗಿತ ಎಂದು ತಿಳಿದು ಪ್ರತಿ ಹೊಸ ಅಂಗಿಯಲ್ಲೂ ತೋಳಿನ ಸುತ್ತನ್ನು ಇನ್ನಷ್ಟು ಕೆಳಕ್ಕೆ ಕೊರೆದು ದೊಡ್ಡದು ಮಾಡುತ್ತ ಹೋಗಿದ್ದರು. ಪ್ರತಿ ಅಂಗಿಯೂ ಹಿಂದಿನದಕ್ಕಿಂತ ಕೆಟ್ಟಿತು.

ಯಾಕೆ ಹೀಗಾಗುತ್ತದೆ ಎಂಬುದು ಹೊಲಿಗೆ ಕಲಿಯುವ ಎಲ್ಲರಿಗೂ ಸ್ಪಷ್ಟವಾಗಬೇಕು. ತೋಳು ತಿರುಗುವುದು ಭುಜದ ಕೀಲಿನಲ್ಲಿ. ಅಂಗಿಯ ತೋಳು ಮೈಭಾಗಕ್ಕೆ ಸೇರುವ ಕೆಳತುದಿ ಆ ಕೀಲಿಗೆ, ಅಂದರೆ ಕಂಕುಳಿಗೆ, ಹತ್ತಿರವಿದ್ದಷ್ಟೂ ಕೈ ಎತ್ತಿದಾಗ ಮೈಭಾಗದ ಬಟ್ಟೆಯನ್ನು ಕಡಿಮೆ ಎಳೆಯುತ್ತದೆ. ಕೆಳಕ್ಕೆ ಕೊರೆದಷ್ಟೂ ಆ ಸೇರುವ ಬಿಂದು ಪಕ್ಕೆಲುಬಿನತ್ತ ಇಳಿಯುತ್ತದೆ. ಆಗ ಕೈ ಎತ್ತುವುದೆಂದರೆ ಅಂಗಿಯ ಪಕ್ಕವನ್ನೇ ಎತ್ತಿದಂತೆ. ಕೇಳಲು ವಿಚಿತ್ರ ಎನ್ನಿಸಿದರೂ, ಕಂಕುಳಿನ ಸುತ್ತು ಮೇಲಿದ್ದರೇ ಕೈಗೆ ಬಿಡುಗಡೆ. ಇದರ ಜೊತೆಗೆ ತೋಳಿನ ಮೇಲಿನ ಗುಮ್ಮಟದಂಥ ಬಾಗಿನ ಎತ್ತರವೂ ಕೆಲಸ ಮಾಡುತ್ತದೆ. ಬಾಗು ಎತ್ತರವಾಗಿದ್ದರೆ ಕೈ ಇಳಿಬಿಟ್ಟಾಗ ಸುಕ್ಕಿಲ್ಲದೆ ನೀಟಾಗಿ ಕೂರುತ್ತದೆ, ಆದರೆ ಕೈ ಎತ್ತಲು ಕಷ್ಟ. ಬಾಗು ತಗ್ಗಾಗಿ ತೋಳು ಅಗಲವಾದರೆ ಕೈ ಸುಲಭವಾಗಿ ಏರುತ್ತದೆ, ಇಳಿಬಿಟ್ಟಾಗ ಕಂಕುಳಲ್ಲಿ ಒಂದಿಷ್ಟು ಬಟ್ಟೆ ಮಡಚಿಕೊಳ್ಳುತ್ತದೆ. ದುಡಿಯುವ ಮೈಗೆ ಈ ಎರಡನೆಯದೇ ಹಿತ ಎಂಬುದು ನನ್ನ ಅಭಿಪ್ರಾಯ.

ಮುಂದಿನ ಅಂಗಿಗೆ ಈ ತಿಳಿವಳಿಕೆ ಸಾಕು. ಆದರೆ ಈಗಾಗಲೇ ಕೊರೆದು ಹೊಲಿದಾಗಿರುವ ಅಂಗಿಗಳ ಗತಿಯೇನು? ಕತ್ತರಿಸಿದ ಬಟ್ಟೆಯನ್ನು ಮರಳಿ ಬೆಳೆಸಲಾಗದು. ಇಲ್ಲಿ ನೆರವಿಗೆ ಬಂದದ್ದು ಹಳೆಯ ಕಾಲದ ಒಂದು ಉಪಾಯ. ಕೈಮಗ್ಗದಲ್ಲೇ ನೇಯಬೇಕಿದ್ದ ಬಟ್ಟೆ ಅಪರೂಪವಾಗಿದ್ದ ಕಾಲದಲ್ಲಿ ಲೋಕದ ಅನೇಕ ಕಡೆ ಅಂಗಿಗಳನ್ನು ಚೌಕ, ಆಯತದ ತುಂಡುಗಳಿಂದಲೇ ಹೊಲಿಯುತ್ತಿದ್ದರು. ಒಂದು ಚೂರೂ ದಂಡವಾಗಬಾರದು ಎಂಬುದು ಅದರ ಹಿಂದಿನ ಲೆಕ್ಕ. ನೇರ ತುಂಡುಗಳಿಗೆ ಕೈಯಾಡುವ ಜಾಗ ಕೊಡಲು ಕಂಕುಳಲ್ಲಿ ಒಂದು ಚಿಕ್ಕ ಚೌಕವನ್ನು ಮೂಲೆ ಮೇಲಾಗಿ ಕೂರಿಸುತ್ತಿದ್ದರು.

ಅದನ್ನೇ ಮಾಡಿದೆವು. ಅಂಗಿಯನ್ನು ಒಳಮೈ ಹೊರಗಾಗಿ ತಿರುಗಿಸಿ, ಕಂಕುಳಿನಿಂದ ಪಕ್ಕದ ಹೊಲಿಗೆಯನ್ನು ಎಂಟು ಸೆಂಟಿಮೀಟರ್ ಕೆಳಕ್ಕೆ, ತೋಳಿನ ಹೊಲಿಗೆಯನ್ನು ಅಷ್ಟೇ ಉದ್ದ ಮೊಣಕೈಯತ್ತ ಬಿಚ್ಚಿದೆವು. ತೋಳು ಮೈಭಾಗಕ್ಕೆ ಸೇರುವ ಸುತ್ತಿನ ಹೊಲಿಗೆಯನ್ನು ಮುಟ್ಟಲಿಲ್ಲ. ಉಳಿದ ತುಂಡುಗಳಲ್ಲಿ ಹನ್ನೊಂದು ಸೆಂಟಿಮೀಟರಿನ ಚೌಕ ಕತ್ತರಿಸಿದೆವು. ನಾಲ್ಕೂ ಕಡೆ ಒಂದೂವರೆ ಸೆಂಟಿಮೀಟರ್ ಹೊಲಿಗೆಗೆ ಹೋದರೆ ಎಂಟು ಉಳಿಯುತ್ತದೆ. ಚೌಕದ ಒಂದು ಮೂಲೆ ತೋಳಿನ ಕಡೆಗೆ, ಎದುರಿನದು ಸೊಂಟದ ಕಡೆಗೆ, ಉಳಿದೆರಡು ಸುತ್ತಿನ ಹೊಲಿಗೆಯ ಮುಂದೆ ಮತ್ತು ಹಿಂದೆ. ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ಅಂಗಿ ತೊಟ್ಟು ಕೈ ಎತ್ತಿ ನೋಡಿ, ಆಮೇಲೆ ಯಂತ್ರಕ್ಕೆ ಕೊಟ್ಟದ್ದು. ಕಷ್ಟವಿರುವುದು ಮೂಲೆಗಳಲ್ಲಿ. ಮೂಲೆಯಲ್ಲಿ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ನಿಲ್ಲಿಸಿ, ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದ ಎತ್ತಿ, ಬಟ್ಟೆ ತಿರುಗಿಸಿ, ಮತ್ತೆ ಪಾದ ಇಳಿಸಬೇಕು. ಮೂಲೆಯಿಂದ ಒಂದು ಟಾಕಿ ಆಚೀಚೆಯಾದರೂ ಅಲ್ಲಿ ಸುಕ್ಕೋ ತೂತೋ ಉಳಿಯುತ್ತದೆ.

ಮೊದಲ ಅಂಗಿಯ ಎರಡೂ ಕಂಕುಳು ಮುಗಿದ ಮೇಲೆ ಅವರು ಅದನ್ನು ತೊಟ್ಟು ಕಪಾಟಿನ ಮೇಲಿದ್ದ ಪೆಟ್ಟಿಗೆಯನ್ನು ಕೆಳಗಿಳಿಸಿ, ಮತ್ತೆ ಮೇಲಿಟ್ಟರು. ಸೊಂಟದ ಅಂಚು ಸ್ವಲ್ಪವೇ ಮೇಲೇರಿತು. ಆ ವಾರದ ಕಚೇರಿಗೆ ಅದನ್ನೇ ತೊಟ್ಟು ಹೋದರು. ಮುಂದಿನ ತಿಂಗಳಲ್ಲಿ ಉಳಿದ ಅಂಗಿಗಳೂ ಒಂದೊಂದಾಗಿ ಮೊದಲನೆಯ ರಾಶಿಗೆ ಬಂದವು.

ಹೊಸ ಬಟ್ಟೆ ತಂದು ಹೊಸ ಅಂಗಿ ಹೊಲಿಯುವುದಕ್ಕಿಂತ ಈ ಕೆಲಸಕ್ಕೆ ಹೆಚ್ಚು ತಾಳ್ಮೆ ಬೇಕು, ಹೊಗಳಿಕೆ ಕಡಿಮೆ. ಹಾಗಿದ್ದೂ ಆ ವರ್ಷ ಅವರು ಮಾಡಿದ ಕೆಲಸಗಳಲ್ಲಿ ನೆಲಕ್ಕೆ, ನೀರಿಗೆ ಅತ್ಯಂತ ಉಪಕಾರವಾದದ್ದು ಇದೇ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಬ್ರಿಟನ್ನಿನಲ್ಲಿ ತ್ಯಾಜ್ಯ ತಗ್ಗಿಸುವ ಕೆಲಸ ಮಾಡುವ ರಾಪ್ ಸಂಸ್ಥೆಯ ಅಂದಾಜಿನಂತೆ, ಉಡುಪನ್ನು ಇನ್ನೂ ಒಂಬತ್ತು ತಿಂಗಳು ಹೆಚ್ಚು ಬಳಸಿದರೆ ಅದರ ಇಂಗಾಲ, ನೀರು, ತ್ಯಾಜ್ಯದ ಹೊರೆ ಶೇಕಡಾ 20ರಿಂದ 30ರಷ್ಟು ಇಳಿಯುತ್ತದೆ. ಹೊಲಿಗೆ ಬಲ್ಲವರಿಗೆ ಒಂಬತ್ತು ತಿಂಗಳು ದೊಡ್ಡ ಗುರಿಯಲ್ಲ.

ಹಳೆಯ ಅಂಗಿಯ ಕಾಲರ್

ಎರಡನೆಯ ಹಂತದಲ್ಲಿ ಮನೆಯ ಉಳಿದವರ ಬಟ್ಟೆಗಳತ್ತ ಬಂದೆವು. ಪತಿಯ ಮೂರು ಅಂಗಿಗಳು ಹೊರಹಾಕುವ ಚೀಲದಲ್ಲಿದ್ದವು. ಬಟ್ಟೆ ಗಟ್ಟಿಯಾಗಿತ್ತು, ಗುಂಡಿಗಳಿದ್ದವು, ಕಾಜಗಳು ಸರಿಯಾಗಿದ್ದವು. ಸವೆದಿದ್ದು ಕಾಲರಿನ ಮಡಿಕೆ ಮಾತ್ರ. ಕುತ್ತಿಗೆ ಉಜ್ಜುವ ಆ ಗೆರೆಯಲ್ಲಿ ಎಳೆ ಕಿತ್ತು ಬಿಳಿಯ ಒಳಪದರ ಕಾಣುತ್ತಿತ್ತು.

ಕಾಲರನ್ನು ಕುತ್ತಿಗೆಯ ಪಟ್ಟಿಯಿಂದ ಬಿಚ್ಚಿ, ಮಗುಚಿ, ಸವೆದ ಮೈ ಒಳಗಾಗುವಂತೆ ಅದೇ ಪಟ್ಟಿಯೊಳಗೆ ಕೂರಿಸಿ ಹೊಲಿದರೆ ಅಂಗಿ ಮತ್ತೆ ಹೊಸದರಂತೆ ಕಾಣುತ್ತದೆ. ಬಿಚ್ಚುವ ಮೊದಲು ಕಾಲರಿನ ನಡುಮಧ್ಯಕ್ಕೂ ಪಟ್ಟಿಯ ನಡುಮಧ್ಯಕ್ಕೂ ಸೂಜಿ ಚುಚ್ಚಿ ಗುರುತು ಮಾಡಿಕೊಳ್ಳಬೇಕು. ಇಲ್ಲವಾದರೆ ಒಂದು ತುದಿ ಉದ್ದ, ಒಂದು ತುದಿ ಗಿಡ್ಡ. ತುದಿಯಲ್ಲಿ ಗುಂಡಿ ಹಾಕುವ ಕಾಲರಿಗೂ, ಅಡಿಯಲ್ಲಿ ಕಡ್ಡಿ ತೂರಿಸುವ ಸೀಳು ಇರುವ ಕಾಲರಿಗೂ ಈ ಉಪಾಯ ಅಷ್ಟಾಗಿ ಹೊಂದದು, ಯಾಕೆಂದರೆ ಅಡಿಯಲ್ಲಿದ್ದದ್ದು ಮೇಲೆ ಬಂದು ಎದ್ದು ಕಾಣುತ್ತದೆ. ಹಿಂದೆ ಇದು ದರ್ಜಿಗಳ ದಿನನಿತ್ಯದ ಕೆಲಸವಾಗಿತ್ತು. ಎರಡನೆಯ ಮಹಾಯುದ್ಧದಲ್ಲೂ ಅದರ ನಂತರವೂ ಬ್ರಿಟನ್ 1941ರಿಂದ 1949ರವರೆಗೆ ಬಟ್ಟೆಗೆ ಪಡಿತರ ಹಾಕಿದಾಗ, ಇರುವ ಉಡುಪನ್ನು ದುರಸ್ತಿ ಮಾಡಿ ಬಾಳಿಸುವ ಬಗೆಯನ್ನು ಸರ್ಕಾರವೇ ಕೈಪಿಡಿ ಅಚ್ಚು ಹಾಕಿಸಿ ಮನೆಮನೆಗೆ ಕಲಿಸಿತು. ಅಂದು ಕೊರತೆ ಕಲಿಸಿದ್ದನ್ನು ಇಂದು ನಾವು ಸಮೃದ್ಧಿಯ ನಡುವೆ ಕಲಿಯಬೇಕಾಗಿದೆ.

ಮೂರನೆಯ ಕಾಲರ್ ಮುಗಿಸಿದ ದಿನ ಅವರು ಬಹಳ ಹೊತ್ತು ಸುಮ್ಮನಿದ್ದು ಒಂದು ಮಾತು ಹೇಳಿದರು. "ಒಂದು ಕಾಲರ್ ಬಿಚ್ಚಿ ಹೊಲಿಯಲು ನನಗೆ ಒಂದು ಸಂಜೆ ಬೇಕು. ಹಾಗಾದರೆ ಅಂಗಡಿಯಲ್ಲಿ ಇಡೀ ಅಂಗಿಯನ್ನು ಅಷ್ಟು ಅಗ್ಗವಾಗಿ ಮಾರುವುದು ಹೇಗೆ ಸಾಧ್ಯ?" ಕಾರ್ಖಾನೆಯಲ್ಲಿ ಕೆಲಸ ಹಂಚಿಹೋಗಿರುತ್ತದೆ, ಯಂತ್ರಗಳ ವೇಗ ಹೆಚ್ಚು, ಅದು ಉತ್ತರದ ಒಂದು ಭಾಗ. ಉಳಿದ ಭಾಗ ರಾಣಾ ಪ್ಲಾಜಾದ ಅವಶೇಷಗಳಡಿ ಸಿಕ್ಕಿದ್ದವರ ಕೂಲಿಯಲ್ಲಿದೆ. ಓದಿ ತಿಳಿದಿದ್ದ ಸಂಗತಿ ಕೈಗೆ ತಟ್ಟಿದ್ದು ಅಂದು.

ಪೆಟ್ಟಿಗೆಯಲ್ಲಿದ್ದ ಬಟ್ಟೆ

ಕತ್ತರಿಸದ ಬಟ್ಟೆಯ ವಿಷಯದಲ್ಲಿ ಒಂದೇ ಒಂದು ನಿಯಮ ಮಾಡಿಕೊಂಡೆವು: ಪೆಟ್ಟಿಗೆಯಲ್ಲಿರುವುದು ಮುಗಿಯುವವರೆಗೆ ಹೊಸ ತುಂಡು ಬೇಡ. ಯಾವುದು ಏನು ಎಂದು ತಿಳಿಯಲು ಅಂಚಿನಿಂದ ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿದೆವು. ಹತ್ತಿ ಸುಟ್ಟ ಕಾಗದದ ವಾಸನೆ ಬೀರಿ ಬೆರಳಿಗೆ ಪುಡಿಯಾಗುವ ಬೂದಿ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಎಂದು ನಂಬಿ ತಂದಿದ್ದ ಎರಡು ತುಂಡುಗಳು ಮಣಿಯಾದವು. ಅವನ್ನು ಬಿಸಾಡಬೇಕೆ ಎಂದು ಕೇಳಿದರು. ಖಂಡಿತ ಬೇಡ ಎಂದೆ. ತಯಾರಾಗಿ ಮನೆಗೆ ಬಂದಾಗಿರುವ ಪಾಲಿಯೆಸ್ಟರನ್ನು ಎಸೆದರೆ ಯಾರಿಗೂ ಲಾಭವಿಲ್ಲ. ಮೈಗೆ ನೇರ ತಾಗದ, ಪದೇ ಪದೇ ಒಗೆಯಬೇಕಿಲ್ಲದ ಚೀಲಕ್ಕೋ ಹೊರಗವಸಿಗೋ ಬಳಸಿದರೆ ನೂಲು ಉದುರುವುದೂ ಕಡಿಮೆಯಾಗುತ್ತದೆ.

ಚೂರುಗಳ ಬಗ್ಗೆ ಅವರಿಗೆ ತುಂಬ ಸಂಕಟವಿತ್ತು. ಕಾರ್ಖಾನೆಗಳಲ್ಲಿ ಕತ್ತರಿಸುವಾಗ ಸುಮಾರು ಶೇಕಡಾ 15ರಷ್ಟು ಬಟ್ಟೆ ದಂಡವಾಗುತ್ತದೆ ಎನ್ನುತ್ತಾರೆ. ಅವರ ಮೇಜಿನ ಮೇಲೆ ಅದಕ್ಕಿಂತ ಹೆಚ್ಚೇ ಉಳಿಯುತ್ತಿತ್ತು. ಇದು ಅವರ ಕೊರತೆಯಲ್ಲ. ಕಾರ್ಖಾನೆಯಲ್ಲಿ ಬೇರೆ ಬೇರೆ ಅಳತೆಯ ಹಲವು ಉಡುಪುಗಳ ತುಂಡುಗಳನ್ನು ಒಂದರ ಸಂದಿಯಲ್ಲಿ ಇನ್ನೊಂದು ಬರುವಂತೆ ಕಂಪ್ಯೂಟರಿನಲ್ಲಿ ಹೊಂದಿಸುತ್ತಾರೆ. ಮನೆಯಲ್ಲಿ ಒಂದೇ ಅಂಗಿ ಕತ್ತರಿಸುವವರಿಗೆ ಆ ಅವಕಾಶವಿಲ್ಲ. ಅದರ ಬದಲಿಗೆ ತಾಯಿಯ ಅಂಗಿಯ ಜೊತೆಗೇ ಮಗಳ ಅಂಗಿಯನ್ನೂ ಅದೇ ಬಟ್ಟೆಯಲ್ಲಿ ಹರಡಿ ನೋಡುವುದನ್ನು ರೂಢಿಸಿದೆವು. ಉಳಿದ ಚೂರು ಜೇಬಿನ ಒಳಚೀಲಕ್ಕೆ, ಕೊರಳಿನ ಓರೆಪಟ್ಟಿಗೆ, ಮುಂದೊಂದು ದಿನದ ತೇಪೆಗೆ.

ಮತ್ತೊಂದು ಬದಲಾವಣೆ, ಹೊಲಿಗೆಗೆಂದು ಒಳಗೆ ಬಿಡುವ ಬಟ್ಟೆಯದು. ಪಕ್ಕದ ಹೊಲಿಗೆಗಳಲ್ಲಿ ಎರಡೂವರೆ ಸೆಂಟಿಮೀಟರ್ ಬಿಡಲು ಹೇಳಿದೆ, ಮಗಳ ಬಟ್ಟೆಗೆ ತೋಳಿನ ತುದಿಯಲ್ಲೂ ಕೆಳ ಅಂಚಿನಲ್ಲೂ ಅಗಲವಾದ ಮಡಿಕೆ. ಈಗಿನ ಸಿದ್ಧ ಉಡುಪುಗಳಲ್ಲಿ ಒಳಗಿನ ಬಟ್ಟೆ ಬೆರಳಿನಷ್ಟೂ ಇರುವುದಿಲ್ಲ. ಮೈ ಸ್ವಲ್ಪ ತುಂಬಿಕೊಂಡರೂ ಆ ಉಡುಪಿನ ಕಾಲ ಮುಗಿಯಿತು. ಮನೆಯಲ್ಲಿ ಹೊಲಿಯುವವರ ಕೈಯಲ್ಲಿರುವ ದೊಡ್ಡ ಅನುಕೂಲ ಇದು. ಇಷ್ಟು ಸರಳವಾದದ್ದನ್ನು ಹೆಚ್ಚಿನ ಪಾಠಗಳು ಹೇಳುವುದೇ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಈಗಿನ ಸ್ಥಿತಿ

ಹಿಂದಿನ ವರ್ಷಕ್ಕೆ ಹೋಲಿಸಿದರೆ ಅವರು ಈಗ ಹೊಲಿಯುವ ಹೊಸ ಉಡುಪುಗಳು ತೀರ ಕಡಿಮೆ. ಹೊಸ ವಿನ್ಯಾಸವಾದರೆ ಮೊದಲು ಹಳೆಯ ಹಾಸಿಗೆ ಹೊದಿಕೆಯಲ್ಲಿ ಹೊಲಿದು, ತೊಟ್ಟು, ಕೂತು, ಬಗ್ಗಿ, ಕೈ ಎತ್ತಿ ನೋಡುತ್ತಾರೆ. ಸರಿಬಂದ ಅಂಗಿಯ ಮಾದರಿ ಕಾಗದ ಒಂದೇ. ಕಾಲರ್, ತೋಳಿನ ಉದ್ದ, ಜೇಬು ಬದಲಿಸುತ್ತ ಅದನ್ನೇ ಮತ್ತೆ ಮತ್ತೆ ಬಳಸುತ್ತಾರೆ. ಡಬ್ಬಿಯ ಹಾಗೆ ನಿಂತಿದ್ದ ಗೌನು ಮಗಳ ಶಾಲೆಯ ಚೀಲವಾಯಿತು, ಆ ದಪ್ಪ ಬಟ್ಟೆಗೆ ಅದೇ ಸರಿಯಾದ ಕೆಲಸ. ತಿರುಚಿದ ಪ್ಯಾಂಟನ್ನು ಮಂಡಿಯ ಮೇಲೆ ಕತ್ತರಿಸಿ ಮನೆಯಲ್ಲಿ ತೊಡುವ ಚಡ್ಡಿ ಮಾಡಿಕೊಂಡರು, ಗಿಡ್ಡ ಕಾಲಿನಲ್ಲಿ ತಿರುಚುವಿಕೆ ಅಷ್ಟಾಗಿ ತೋರುವುದಿಲ್ಲ.

ಎಲ್ಲವೂ ಬಗೆಹರಿದಿಲ್ಲ. ಒಳ ಉಡುಪು, ಕಾಲುಚೀಲ, ಮಗಳ ಆಟದ ಉಡುಪನ್ನು ಅವರು ಅಂಗಡಿಯಿಂದಲೇ ತರುತ್ತಾರೆ. ಹಿಗ್ಗುವ ಹೆಣಿಗೆ ಬಟ್ಟೆಗೆ ದುಂಡು ತುದಿಯ ಸೂಜಿ ಬೇಕು, ಬಟ್ಟೆಯ ಜೊತೆಗೆ ತಾನೂ ಹಿಗ್ಗುವ ಹೊಲಿಗೆ ಬೇಕು. ಅವರ ಯಂತ್ರದ ನೇರ ಹೊಲಿಗೆ ಎಳೆದ ಕೂಡಲೇ ಪಟಪಟನೆ ಹರಿಯುತ್ತದೆ. ಎಲ್ಲವನ್ನೂ ಮನೆಯಲ್ಲೇ ಹೊಲಿಯಬೇಕು ಎಂಬ ಹಟವನ್ನು ಅವರು ಕೈಬಿಟ್ಟದ್ದು ನನಗೆ ಸರಿ ಎನ್ನಿಸಿತು. ಒಂದು ಕಡೆ ಕೊಂಡು, ಇನ್ನೊಂದು ಕಡೆ ದುರಸ್ತಿ ಮಾಡಿ, ಮತ್ತೊಂದು ಕಡೆ ಹೊಲಿದು ನಡೆಸುವ ಸಂಸಾರವೇ ಹೆಚ್ಚು ಕಾಲ ನಡೆಯುತ್ತದೆ.

ಸದ್ಯ ಅವರು ಗುದ್ದಾಡುತ್ತಿರುವುದು ಪ್ಯಾಂಟಿನ ಮಾದರಿಯ ಜೊತೆ. ಎರಡು ಕಾಲುಗಳು ಸೇರುವ ಕಡೆ ಹಿಂಭಾಗದ ಬಾಗು ಮುಂಭಾಗದ ಬಾಗಿಗಿಂತ ಉದ್ದವಾಗಿಯೂ ಆಳವಾಗಿಯೂ ಇರಬೇಕು, ಕುಳಿತಾಗ ಹಿಂದೆ ಹೆಚ್ಚು ಬಟ್ಟೆ ಬೇಕಾಗುತ್ತದೆ. ಅದು ಅವರ ಮೈಗೆ ಇನ್ನೂ ಸರಿಹೋಗಿಲ್ಲ, ಕುಳಿತರೆ ಸೊಂಟದ ಪಟ್ಟಿ ಬೆನ್ನಿನಿಂದ ಕೆಳಕ್ಕೆ ಜಾರುತ್ತದೆ. ಹಿಂಭಾಗದ ಮಾದರಿಯನ್ನು ಪೃಷ್ಠದ ಮಟ್ಟದಲ್ಲಿ ಅಡ್ಡಕ್ಕೆ ಸೀಳಿ, ನಡುಹೊಲಿಗೆಯ ಕಡೆ ಎರಡು ಸೆಂಟಿಮೀಟರ್ ಅಗಲಿಸಿ, ಪಕ್ಕದ ಕಡೆ ಹಾಗೆಯೇ ಬಿಟ್ಟು ಕಾಗದ ಅಂಟಿಸಿ ಕೊಟ್ಟಿದ್ದೇನೆ. ಹಾಸಿಗೆ ಹೊದಿಕೆಯ ಉಳಿದರ್ಧದಲ್ಲಿ ಅದನ್ನು ಹೊಲಿದು ನೋಡಿದ ಮೇಲೆಯೇ ಪೆಟ್ಟಿಗೆಯಲ್ಲಿರುವ ನೀಲಿ ದಪ್ಪ ಹತ್ತಿಗೆ ಕತ್ತರಿ ಹಾಕುವುದು.